ಗುರುಬಲ, ಶನಿಕಾಟ ಮತ್ತು ಎಣಿಸಿದ ಎಲೆಕ್ಟ್ರಾನುಗಳು

ದೇವನಕೊಂಡ, ಆಸ್ಪರಿ, ಆಲೂರು ಕಡೆಯ ಮನೆಗಳಲ್ಲಿ ಮದುವೆ ಮಾತು ಎದ್ದರೆ, ಹುಡುಗನಿಗೆ ಹೊಲ ಎಷ್ಟಿದೆ ಎಂದು ವಿಚಾರಿಸುವುದಕ್ಕೂ ಮೊದಲು ‘ಗುರುಬಲ ಬಂತಾ?’ ಎಂದು ಕೇಳುತ್ತಾರೆ. ಹತ್ತಿ ಕೈಕೊಟ್ಟು, ಬೋರು ಬತ್ತಿ, ಅದೇ ವರ್ಷ ಮನೆಯಲ್ಲಿ ಯಾರಾದರೂ ಹಾಸಿಗೆ ಹಿಡಿದರೆ ‘ಏಳರಾಟದ ಶನಿ’ ಎನ್ನುತ್ತಾರೆ. ಕನ್ನಡದ ಮನೆಯಾಗಲಿ ತೆಲುಗಿನ ಮನೆಯಾಗಲಿ, ಈ ಎರಡು ಗ್ರಹಗಳ ಮೇಲಿನ ಅಭಿಪ್ರಾಯ ಒಂದೇ. ಗುರು ಕಾಯುವವನು, ಶನಿ ಕಾಡುವವನು.

ಮನೆಮನೆಯ ನಂಬಿಕೆಯ ಜೊತೆ ಜಗಳಕ್ಕಿಳಿಯುವುದು ಈ ಬರಹದ ಕೆಲಸವಲ್ಲ. ಆದರೆ 1973ರಿಂದೀಚೆಗೆ ಮನುಷ್ಯರು ಕಳಿಸಿದ ನೌಕೆಗಳು ಈ ಎರಡೂ ಗ್ರಹಗಳ ಹತ್ತಿರಕ್ಕೆ ಹೋಗಿ, ಅವುಗಳ ಸುತ್ತ ಹಾರಾಡುವ ಎಲೆಕ್ಟ್ರಾನುಗಳನ್ನು ಎಣಿಸಿ, ಲೆಕ್ಕವನ್ನು ಭೂಮಿಗೆ ಕಳಿಸಿವೆ. ಆ ಲೆಕ್ಕ ಹೇಳುವ ಗುರುವೇ ಬೇರೆ, ಶನಿಯೇ ಬೇರೆ. ಶಾಲೆಯ ಪಾಠ, ಟಿವಿ, ಫೋನಿನ ವಿಡಿಯೋಗಳಿಂದ ನಮ್ಮ ತಲೆಗೆ ಹೊಕ್ಕ ಕೆಲವು ತಪ್ಪು ತಿಳಿವಳಿಕೆಗಳು ಆ ಲೆಕ್ಕದ ಮುಂದೆ ನಿಲ್ಲುವುದಿಲ್ಲ. ಅವನ್ನು ಒಂದೊಂದಾಗಿ ನೋಡೋಣ.

ತಪ್ಪು ಕಲ್ಪನೆ: ಗ್ರಹಗಳ ಸುತ್ತ ಏನೂ ಇಲ್ಲ, ಬರೀ ಶೂನ್ಯ.

ವಾಸ್ತವ: ನಾವು ಉಸಿರಾಡುವ ಗಾಳಿಯ ಮುಂದೆ ಅದು ಶೂನ್ಯವೆಂದೇ ಅನ್ನಿಸುತ್ತದೆ. ಇಲ್ಲಿ ಒಂದು ಘನ ಸೆಂಟಿಮೀಟರ್ ಗಾಳಿಯಲ್ಲಿ 25ರ ಮುಂದೆ ಹದಿನೆಂಟು ಸೊನ್ನೆ ಬರೆದಷ್ಟು ಅಣುಗಳಿರುತ್ತವೆ. ಗುರುವಿನ ಉಪಗ್ರಹ ಅಯೋ ಸುತ್ತುವ ದಾರಿಯಲ್ಲಿ ಅಷ್ಟೇ ಜಾಗದಲ್ಲಿ ಸಿಗುವುದು ಸುಮಾರು 2000 ಎಲೆಕ್ಟ್ರಾನು. ಶನಿಯ ಉಪಗ್ರಹ ಎನ್ಸೆಲಡಸ್‌ನ ದಾರಿಯಲ್ಲಿ ಹತ್ತಾರು. ಇನ್ನೂ ಹೊರಗೆ ಹೋದರೆ ಒಂದು ಎಲೆಕ್ಟ್ರಾನು ಸಿಗಬೇಕಾದರೂ ಹಲವು ಘನ ಸೆಂಟಿಮೀಟರ್ ಹುಡುಕಬೇಕು.

ಕಡಿಮೆ ಇದ್ದರೂ ಇವು ಸುಮ್ಮನೆ ಇರುವುದಿಲ್ಲ. ಪರಮಾಣುಗಳು ಒಡೆದು ಎಲೆಕ್ಟ್ರಾನು ಒಂದು ಕಡೆ, ಉಳಿದ ಅಯಾನು ಇನ್ನೊಂದು ಕಡೆ ಆಗಿ ಹರಿದಾಡುವ ಸ್ಥಿತಿಗೆ ಪ್ಲಾಸ್ಮಾ ಎನ್ನುತ್ತಾರೆ. ವಿದ್ಯುದಾವೇಶ ಇರುವುದರಿಂದ ಇದು ಕಾಂತಕ್ಷೇತ್ರದ ಮಾತು ಕೇಳುತ್ತದೆ. ಸೂರ್ಯನಿಂದ ಸದಾ ಹೊರಬೀಳುವ ಸೌರಮಾರುತವನ್ನು ಪಕ್ಕಕ್ಕೆ ತಳ್ಳಿ, ಗ್ರಹದ ಕಾಂತಕ್ಷೇತ್ರ ತನ್ನ ಸುತ್ತ ಹಿಡಿದಿಟ್ಟುಕೊಂಡ ಪ್ರದೇಶವೇ ಕಾಂತಗೋಳ. ಗುರುವಿನ ಕಾಂತಗೋಳ ಕಣ್ಣಿಗೆ ಕಾಣುವಂತಿದ್ದರೆ ನಮ್ಮ ಆಕಾಶದಲ್ಲಿ ಹುಣ್ಣಿಮೆ ಚಂದ್ರನಿಗಿಂತ ದೊಡ್ಡದಾಗಿ ಕಾಣುತ್ತಿತ್ತು. ಸೂರ್ಯನಿಗೆ ಬೆನ್ನಾಗಿ ಚಾಚಿರುವ ಅದರ ಬಾಲ ಶನಿಯ ಕಕ್ಷೆಯವರೆಗೂ ಹೋಗುತ್ತದೆ. 1981ರಲ್ಲಿ ಶನಿಯ ಕಡೆಗೆ ಹೊರಟಿದ್ದ ವಾಯೇಜರ್ 2 ನಡುದಾರಿಯಲ್ಲೇ ಆ ಬಾಲದೊಳಗೆ ಹೊಕ್ಕು ಬಂದಿತ್ತು.

ತಪ್ಪು ಕಲ್ಪನೆ: ಅಲ್ಲಿನ ಪ್ಲಾಸ್ಮಾ ಲಕ್ಷಾಂತರ ಡಿಗ್ರಿ ಬಿಸಿ, ನೌಕೆ ಹೋದರೆ ಕರಗಿಹೋಗಬೇಕು.

ವಾಸ್ತವ: ಎಲೆಕ್ಟ್ರಾನುಗಳ ಬಿಸಿಯನ್ನು ಎಲೆಕ್ಟ್ರಾನ್ ವೋಲ್ಟ್ ಎಂಬ ಮಾನದಲ್ಲಿ ಹೇಳುವುದು ವಾಡಿಕೆ. ಒಂದು ಎಲೆಕ್ಟ್ರಾನ್ ವೋಲ್ಟ್ ಎಂದರೆ ಸುಮಾರು 11,600 ಡಿಗ್ರಿ. ಅಯೋ ದಾರಿಯ ಎಲೆಕ್ಟ್ರಾನುಗಳು ಸುಮಾರು 5 ಎಲೆಕ್ಟ್ರಾನ್ ವೋಲ್ಟ್, ಅಂದರೆ 58 ಸಾವಿರ ಡಿಗ್ರಿ. ಶನಿಯ ಕಾಂತಗೋಳದ ಹೊರ ಅಂಚಿನಲ್ಲಿ ನೂರಾರು ಎಲೆಕ್ಟ್ರಾನ್ ವೋಲ್ಟ್, ಅಂದರೆ ಹಲವು ದಶಲಕ್ಷ ಡಿಗ್ರಿ. ಈ ಸಂಖ್ಯೆ ಸುಳ್ಳಲ್ಲ. ಆದರೆ ತಾಪಮಾನ ಒಂದು, ಶಾಖ ಇನ್ನೊಂದು. ಒಂದೊಂದು ಕಣದ ಓಟ ಎಷ್ಟು ಎಂಬುದನ್ನು ತಾಪಮಾನ ಹೇಳುತ್ತದೆ. ಮೈಗೆ ತಾಗುವ ಶಾಖ ಮಾತ್ರ ಕಣಗಳು ಎಷ್ಟಿವೆ ಎಂಬುದರ ಮೇಲೂ ನಿಂತಿದೆ.

ಲೆಕ್ಕ ಹಾಕಿ ನೋಡಬಹುದು. ಅಯೋ ದಾರಿಯಲ್ಲಿ ಒಂದು ಘನ ಮೀಟರ್ ಜಾಗದ ಎಲೆಕ್ಟ್ರಾನುಗಳನ್ನೆಲ್ಲ ಕೂಡಿಸಿದರೂ ಅವುಗಳ ಶಕ್ತಿ ಒಂದು ಜೌಲ್‌ನ ಕೋಟಿಯಲ್ಲೊಂದು ಪಾಲನ್ನೂ ಮುಟ್ಟುವುದಿಲ್ಲ. ಒಂದು ಗ್ರಾಂ ನೀರನ್ನು ಒಂದು ಡಿಗ್ರಿ ಬಿಸಿ ಮಾಡಲು 4.2 ಜೌಲ್ ಬೇಕು. ಅಷ್ಟು ಶಕ್ತಿ ಒಟ್ಟಾಗಬೇಕಾದರೆ ಸುಮಾರು 170 ಕೋಟಿ ಘನ ಮೀಟರ್ ಜಾಗದ ಎಲೆಕ್ಟ್ರಾನುಗಳನ್ನು ಕೂಡಿಹಾಕಬೇಕು. ಅಂದರೆ ಉದ್ದ, ಅಗಲ, ಎತ್ತರ ಮೂರೂ 1.2 ಕಿ.ಮೀ. ಇರುವ ಜಾಗ. ನೌಕೆಗೆ ಅಲ್ಲಿ ಕರಗುವ ಭಯವಿಲ್ಲ. ಅದಕ್ಕಿರುವ ಭಯವೇ ಬೇರೆ, ಅದನ್ನು ಮುಂದೆ ಹೇಳುತ್ತೇನೆ.

ತಪ್ಪು ಕಲ್ಪನೆ: ನೌಕೆ ಕ್ಯಾಮೆರಾದಲ್ಲಿ ಫೋಟೋ ತೆಗೆದಂತೆ ಎಲೆಕ್ಟ್ರಾನುಗಳನ್ನೂ ತೆಗೆದುಬಿಡುತ್ತದೆ. ಯಂತ್ರ ತೋರಿಸಿದ ಸಂಖ್ಯೆಯೇ ಸತ್ಯ.

ವಾಸ್ತವ: ಈ ವಿಷಯದಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಪ್ರೀತಿ ಇರುವುದು ಈ ಭಾಗದ ಮೇಲೆ. ಹಾಗಾಗಿ ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ.

ವಾಯೇಜರ್ ಜೋಡಿ ನೌಕೆಗಳು ಹೊರಟಿದ್ದು 1977ರ ಆಗಸ್ಟ್ ಮತ್ತು ಸೆಪ್ಟೆಂಬರಿನಲ್ಲಿ. ಗುರುವನ್ನು 1979ರಲ್ಲಿ ದಾಟಿದವು. ಶನಿಯನ್ನು ವಾಯೇಜರ್ 1 ದಾಟಿದ್ದು 1980ರ ನವೆಂಬರ್ 12ರಂದು, ವಾಯೇಜರ್ 2 ದಾಟಿದ್ದು 1981ರ ಆಗಸ್ಟಿನಲ್ಲಿ. ಎರಡರ ಮೇಲೂ ಅಮೆರಿಕದ ಎಂಐಟಿಯಲ್ಲಿ ಹರ್ಬರ್ಟ್ ಬ್ರಿಡ್ಜ್ ಅವರ ತಂಡ ತಯಾರಿಸಿದ ಪ್ಲಾಸ್ಮಾ ಉಪಕರಣ ಇತ್ತು. ಅದರಲ್ಲಿದ್ದುದು ನಾಲ್ಕು ಲೋಹದ ಬಟ್ಟಲು. ಮೈಕೆಲ್ ಫ್ಯಾರಡೆಯ ಹೆಸರು ಹೊತ್ತ ಈ ಬಟ್ಟಲುಗಳು ಕೆಲಸ ಮಾಡುವ ಬಗೆ, ತಹಶೀಲ್ದಾರ್ ಆಫೀಸಿನ ಅಂಗಳದಲ್ಲಿ ಇಡುವ ಮಳೆಮಾಪಕದ ಬಗೆಯೇ. ಬಾಯಿ ತೆರೆದು ಕೂತಿರುತ್ತದೆ, ಒಳಗೆ ಬಿದ್ದಷ್ಟನ್ನು ಲೆಕ್ಕ ಇಡುತ್ತದೆ. ವ್ಯತ್ಯಾಸವೆಂದರೆ ಬಟ್ಟಲಿನ ಬಾಯಲ್ಲಿ ಸಣ್ಣ ಕಣ್ಣಿನ ಲೋಹದ ಜಾಲರಿಗಳಿವೆ. ಒಂದು ಜಾಲರಿಗೆ ಇಷ್ಟು ವೋಲ್ಟ್ ಎಂದು ಕೊಟ್ಟರೆ ಅದಕ್ಕಿಂತ ಕಡಿಮೆ ಶಕ್ತಿಯ ಎಲೆಕ್ಟ್ರಾನುಗಳು ಹಿಂದಕ್ಕೆ ತಳ್ಳಿಸಿಕೊಳ್ಳುತ್ತವೆ, ಹೆಚ್ಚಿನವು ದಾಟಿ ತಳದ ಫಲಕಕ್ಕೆ ಬಡಿದು ಸಣ್ಣ ವಿದ್ಯುತ್ತಾಗಿ ಹರಿಯುತ್ತವೆ. ವೋಲ್ಟನ್ನು ಎರಡು ಮಟ್ಟಗಳ ನಡುವೆ ಮೇಲೆ ಕೆಳಗೆ ಮಾಡುತ್ತ, ಹರಿದ ವಿದ್ಯುತ್ತಿನ ವ್ಯತ್ಯಾಸ ನೋಡಿದರೆ ಆ ಎರಡು ಮಟ್ಟಗಳ ನಡುವಿನ ಶಕ್ತಿಯ ಎಲೆಕ್ಟ್ರಾನುಗಳು ಎಷ್ಟು ಬಂದವು ಎಂದು ಗೊತ್ತಾಗುತ್ತದೆ. ಹೀಗೆ ಮೆಟ್ಟಿಲು ಮೆಟ್ಟಿಲಾಗಿ 10ರಿಂದ 5,950 ಎಲೆಕ್ಟ್ರಾನ್ ವೋಲ್ಟ್‌ವರೆಗೆ ವಾಯೇಜರ್ ಎಣಿಸುತ್ತಿತ್ತು. ಎಲೆಕ್ಟ್ರಾನು ಎಣಿಸುತ್ತಿದ್ದುದು ಪಕ್ಕಕ್ಕೆ ಮುಖ ಮಾಡಿದ್ದ ಒಂದು ಬಟ್ಟಲು ಮಾತ್ರ.

ಮೊದಲ ಕಷ್ಟ ಇಲ್ಲೇ ಇದೆ. ಹತ್ತಕ್ಕಿಂತ ಕಡಿಮೆ ಶಕ್ತಿಯ ಎಲೆಕ್ಟ್ರಾನು ಇದ್ದರೂ ಈ ಬಟ್ಟಲಿನ ಲೆಕ್ಕಕ್ಕೆ ಬರುವುದಿಲ್ಲ. ಶನಿಯ ಒಳವಲಯದಲ್ಲಿ ಎಲೆಕ್ಟ್ರಾನುಗಳು ಒಂದೆರಡು ಎಲೆಕ್ಟ್ರಾನ್ ವೋಲ್ಟಿನಷ್ಟು ತಣ್ಣಗಿವೆ. ಅಲ್ಲಿ ಬಟ್ಟಲು ಕಂಡಿದ್ದು ಬಾಲದ ತುದಿಯನ್ನಷ್ಟೇ, ದೇಹವನ್ನಲ್ಲ.

ಎರಡನೆಯ ಕಷ್ಟ ನೌಕೆಯ ಮೈಯದು. ಬಿಸಿಲು ಬಿದ್ದ ಲೋಹದಿಂದ ಎಲೆಕ್ಟ್ರಾನುಗಳು ಕಿತ್ತು ಹೊರಬರುತ್ತವೆ, ಆಗ ನೌಕೆ ಕೆಲವು ವೋಲ್ಟ್ ಧನ ಆವೇಶ ಪಡೆಯುತ್ತದೆ. ಧನಕ್ಕೆ ಋಣ ಆಕರ್ಷಣೆ. ಹೊರಗಿನ ಎಲೆಕ್ಟ್ರಾನುಗಳು ತಮ್ಮ ನಿಜವಾದ ವೇಗಕ್ಕಿಂತ ಹೆಚ್ಚು ವೇಗದಲ್ಲಿ ಬಂದು ಬೀಳುತ್ತವೆ. ನೌಕೆಯ ಮೈಯಿಂದ ಹೊರಟವೂ ಮರಳಿ ಬಂದು ಅದೇ ಬಟ್ಟಲಿಗೆ ಬಿದ್ದು, ಹೊರಗಿನವುಗಳ ಜೊತೆ ಬೆರೆತುಬಿಡುತ್ತವೆ. ದಟ್ಟವಾದ ತಣ್ಣನೆಯ ಪ್ಲಾಸ್ಮಾದೊಳಗೆ ಹೊಕ್ಕಾಗ ಎಲ್ಲ ತಿರುವುಮುರುವು. ಹಗುರವಾದ ಎಲೆಕ್ಟ್ರಾನುಗಳು ಭಾರದ ಅಯಾನುಗಳಿಗಿಂತ ಬಹಳ ಹೆಚ್ಚು ಬಂದು ಬಡಿಯುವುದರಿಂದ ನೌಕೆ ಋಣ ಆವೇಶಕ್ಕೆ ತಿರುಗುತ್ತದೆ, ತಣ್ಣನೆಯ ಎಲೆಕ್ಟ್ರಾನುಗಳನ್ನು ತಾನೇ ದೂರ ತಳ್ಳುತ್ತದೆ. ಅಳೆಯಲು ಹೋದವನೇ ಅಳತೆಯನ್ನು ಕೆಡಿಸುವ ಪರಿಸ್ಥಿತಿ ಇದು.

ಹಾಗಾದರೆ ನಂಬುವುದು ಹೇಗೆ? ಸಾಕ್ಷಿಗಳನ್ನು ಹೆಚ್ಚಿಸಿಕೊಂಡು. ಪ್ಲಾಸ್ಮಾದಲ್ಲಿ ಎಲೆಕ್ಟ್ರಾನುಗಳ ಒಟ್ಟು ಋಣ ಆವೇಶ ಅಯಾನುಗಳ ಒಟ್ಟು ಧನ ಆವೇಶಕ್ಕೆ ಸಮ ಇರಲೇಬೇಕು. ಅಯಾನುಗಳನ್ನು ಬಟ್ಟಲುಗಳು ಬೇರೆಯಾಗಿ ಎಣಿಸಿವೆ, ಅವುಗಳ ಜೊತೆ ತಾಳೆ ನೋಡಬಹುದು. ಇನ್ನೊಂದು ಸಾಕ್ಷಿ ಪ್ಲಾಸ್ಮಾ ಅಲೆ. ಎಲೆಕ್ಟ್ರಾನುಗಳ ಗುಂಪು ತನ್ನ ದಟ್ಟಣೆಗೆ ತಕ್ಕ ಒಂದೇ ಆವೃತ್ತಿಯಲ್ಲಿ ತೊನೆದಾಡುತ್ತದೆ. ಘನ ಸೆಂಟಿಮೀಟರಿಗೆ ಒಂದು ಎಲೆಕ್ಟ್ರಾನು ಇದ್ದರೆ ಸುಮಾರು 9 ಕಿಲೋಹರ್ಟ್ಸ್, ನೂರಿದ್ದರೆ 90. ನೌಕೆಯ ಮೈ ಯಾವ ಆವೇಶದಲ್ಲಿದ್ದರೂ ಈ ಆವೃತ್ತಿ ಬದಲಾಗುವುದಿಲ್ಲ. ವಾಯೇಜರ್ ಮೇಲೆ ಅಯೋವಾ ವಿಶ್ವವಿದ್ಯಾಲಯದ ಡಾನ್ ಗರ್ನೆಟ್ ತಂಡದ ಅಲೆ ಗ್ರಾಹಕ ಇದೇ ಕೆಲಸಕ್ಕಿತ್ತು.

ನಾಸಾದ ಗಾಡರ್ಡ್ ಕೇಂದ್ರದ ಎಡ್ವರ್ಡ್ ಸಿಟ್ಲರ್, ಕೀತ್ ಓಗಿಲ್ವಿ, ಜ್ಯಾಕ್ ಸ್ಕಡರ್ ಈ ಎಲ್ಲ ತಿದ್ದುಪಡಿಗಳನ್ನು ಮಾಡಿ, ಶನಿಯ ಕಾಂತಗೋಳದ ಎಲೆಕ್ಟ್ರಾನುಗಳ ಸಮೀಕ್ಷೆಯನ್ನು 1983ರಲ್ಲಿ ಪ್ರಕಟಿಸಿದರು. ನೌಕೆ ಶನಿಯನ್ನು ದಾಟಲು ಬೇಕಾದದ್ದು ಕೆಲವೇ ದಿನ, ಅದು ತಂದದ್ದನ್ನು ಸರಿಯಾಗಿ ಓದಲು ಬೇಕಾದದ್ದು ವರ್ಷಗಳು. ಒಳಗೆ ತಣ್ಣನೆಯ ದಟ್ಟ ವಲಯ, ಹೊರಗೆ ಹೋದಂತೆ ಬಿಸಿಯಾಗುವ ತೆಳು ವಲಯ, ಜೊತೆಗೆ ತಣ್ಣನೆಯ ಗುಂಪಿನೊಳಗೇ ಬೆರೆತ ಬಿಸಿ ಎಲೆಕ್ಟ್ರಾನುಗಳ ಇನ್ನೊಂದು ಸಣ್ಣ ಗುಂಪು ಎಂಬ ಚಿತ್ರ ಹೀಗೆ ಮೂಡಿತು. 2004ರಲ್ಲಿ ಶನಿಯ ಕಕ್ಷೆ ಸೇರಿದ ಕ್ಯಾಸಿನಿ ನೌಕೆಯ ಉಪಕರಣ ಅರ್ಧ ಎಲೆಕ್ಟ್ರಾನ್ ವೋಲ್ಟಿನ ಆಸುಪಾಸಿನಿಂದಲೇ ಎಣಿಸಬಲ್ಲದಾಗಿತ್ತು. ವಾಯೇಜರಿನ ಬಟ್ಟಲಿಗೆ ಸಿಗದ ತಣ್ಣನೆಯ ಗುಂಪು ಅದರ ಲೆಕ್ಕಕ್ಕೆ ಸಿಕ್ಕಿತು.

ತಪ್ಪು ಕಲ್ಪನೆ: ಈ ಎಲೆಕ್ಟ್ರಾನುಗಳೆಲ್ಲ ಸೂರ್ಯನಿಂದ ಬಂದವು.

ವಾಸ್ತವ: ಭೂಮಿಯ ವಿಷಯದಲ್ಲಿ ಸೌರಮಾರುತದ ಪಾಲು ದೊಡ್ಡದು. ದೈತ್ಯ ಗ್ರಹಗಳಲ್ಲಿ ಮುಖ್ಯ ಮೂಲ ಅವುಗಳ ಸಣ್ಣ ಉಪಗ್ರಹಗಳು.

ಇದು ಗೊತ್ತಾದ ಕ್ರಮ ಕೇಳಲು ಚೆಂದ. 1979ರ ಮಾರ್ಚ್ 2ರಂದು ಪೀಲ್, ಕ್ಯಾಸೆನ್, ರೇನಾಲ್ಡ್ಸ್ ಎಂಬ ಮೂವರು ಒಂದು ಪ್ರಬಂಧ ಪ್ರಕಟಿಸಿ, ಗುರುವಿನ ಸೆಳೆತದಲ್ಲಿ ಹಿಗ್ಗಿ ಕುಗ್ಗಿ ಅಯೋದ ಒಡಲು ಕರಗಿರಬೇಕು ಎಂದರು. ಮಾರ್ಚ್ 5ರಂದು ವಾಯೇಜರ್ 1 ಗುರುವನ್ನು ದಾಟಿತು. ಮಾರ್ಚ್ 8ರಂದು ನೌಕೆ ಹಿಂತಿರುಗಿ ತೆಗೆದ ಚಿತ್ರವನ್ನು ದಾರಿ ಲೆಕ್ಕಕ್ಕಾಗಿ ನೋಡುತ್ತಿದ್ದ ಲಿಂಡಾ ಮೊರಾಬಿಟೊ ಅವರಿಗೆ ಅಯೋದ ಅಂಚಿನಿಂದ ಎದ್ದ ಜ್ವಾಲಾಮುಖಿಯ ಕಾರಂಜಿ ಕಂಡಿತು. ಆ ಜ್ವಾಲಾಮುಖಿಗಳ ಗಂಧಕದ ಡೈಆಕ್ಸೈಡಿನಿಂದ ಸೆಕೆಂಡಿಗೆ ಸುಮಾರು ಒಂದು ಟನ್ ದ್ರವ್ಯ ಹೊರಬಿದ್ದು, ಗಂಧಕ ಮತ್ತು ಆಮ್ಲಜನಕದ ಅಯಾನುಗಳಾಗಿ, ಎಲೆಕ್ಟ್ರಾನುಗಳಾಗಿ ಒಡೆದು ಗುರುವಿನ ಸುತ್ತ ಉಂಗುರವಾಗಿ ತುಂಬಿಕೊಳ್ಳುತ್ತದೆ. ಗುರು ಹತ್ತು ಗಂಟೆಯೊಳಗೆ ತನ್ನ ಸುತ್ತ ಒಂದು ಸುತ್ತು ತಿರುಗುತ್ತಾನೆ, ಅವನ ಕಾಂತಕ್ಷೇತ್ರ ಈ ಪ್ಲಾಸ್ಮಾವನ್ನೂ ಅದೇ ವೇಗದಲ್ಲಿ ಎಳೆದೊಯ್ಯುತ್ತದೆ. ಅಯೋ ತನ್ನ ದಾರಿಯಲ್ಲಿ ಸೆಕೆಂಡಿಗೆ 17 ಕಿ.ಮೀ. ಹೋದರೆ, ಅದನ್ನು ಹಿಂದಿನಿಂದ ಬಂದು ದಾಟುವ ಪ್ಲಾಸ್ಮಾದ ವೇಗ ಸುಮಾರು 74 ಕಿ.ಮೀ.

ಶನಿಯ ಮೂಲ ತಿಳಿಯಲು ಇನ್ನೂ ಕಾಲು ಶತಮಾನ ಕಾಯಬೇಕಾಯಿತು. ದಟ್ಟ ಸಾರಜನಕದ ವಾತಾವರಣ ಇರುವ ಉಪಗ್ರಹ ಟೈಟನ್ ದೊಡ್ಡ ಮೂಲ ಇರಬಹುದೆಂದು ಬಲ್ಲವರೇ ಎಣಿಸಿದ್ದರು. ವಾಯೇಜರ್ ಬಟ್ಟಲುಗಳಿಗೆ ಸಾರಜನಕ ಮತ್ತು ಆಮ್ಲಜನಕದ ಅಯಾನುಗಳನ್ನು ಬೇರೆ ಬೇರೆಯಾಗಿ ಗುರುತಿಸುವ ಶಕ್ತಿ ಇರಲಿಲ್ಲ. 2005ರಲ್ಲಿ ಕ್ಯಾಸಿನಿ ಎನ್ಸೆಲಡಸ್ ಹತ್ತಿರ ಹೋದಾಗ ಮೊದಲು ಅನುಮಾನ ತೋರಿಸಿದ್ದು ಅದರ ಕಾಂತಮಾಪಕ. ಆ ಸಣ್ಣ ಗೋಳದ ಬಳಿ ಕಾಂತರೇಖೆಗಳು ಬಾಗಿದ್ದವು. ಇನ್ನಷ್ಟು ಹತ್ತಿರ ಹೋಗಿ ನೋಡಿದಾಗ, ಬರೀ 500 ಕಿ.ಮೀ. ಅಡ್ಡಳತೆಯ ಆ ಹಿಮದುಂಡೆಯ ದಕ್ಷಿಣ ತುದಿಯ ಬಿರುಕುಗಳಿಂದ ನೀರಿನ ಆವಿ ಚಿಮ್ಮುತ್ತಿತ್ತು, ಸೆಕೆಂಡಿಗೆ ನೂರಾರು ಕಿಲೋ ಲೆಕ್ಕದಲ್ಲಿ. ಶನಿಯ ಕಾಂತಗೋಳದಲ್ಲಿ ಓಡಾಡುವ ಎಲೆಕ್ಟ್ರಾನುಗಳಲ್ಲಿ ಬಹುಪಾಲು ಹುಟ್ಟುವುದು ಆ ನೀರಿನಿಂದ.

ತಪ್ಪು ಕಲ್ಪನೆ: ಗುರು ಸೌಮ್ಯ, ಶನಿ ಕ್ರೂರ.

ವಾಸ್ತವ: ಜಾತಕದ ಮಾತು ಬೇರೆ, ಅಳೆದ ಮಾತು ಇಲ್ಲಿದೆ. ನೌಕೆಗೆ ಭಯ ಇರುವುದು ಮೇಲೆ ಹೇಳಿದ ಸಾಧಾರಣ ಎಲೆಕ್ಟ್ರಾನುಗಳಿಂದಲ್ಲ, ಕಾಂತಕ್ಷೇತ್ರದಲ್ಲಿ ಸಿಕ್ಕಿ ಕೋಟಿಗಟ್ಟಲೆ ಎಲೆಕ್ಟ್ರಾನ್ ವೋಲ್ಟ್‌ವರೆಗೆ ಶಕ್ತಿ ಪಡೆದ ಎಲೆಕ್ಟ್ರಾನುಗಳಿಂದ. 1973ರ ಡಿಸೆಂಬರಿನಲ್ಲಿ ಗುರುವಿನ ಬಳಿ ಹೋದ ಮೊದಲ ನೌಕೆ ಪಯೋನಿಯರ್ 10. ಮನುಷ್ಯನನ್ನು ಕೊಲ್ಲಲು ಸಾಕಾಗುವ ವಿಕಿರಣದ ಸುಮಾರು ಸಾವಿರ ಪಟ್ಟನ್ನು ಅದು ಒಂದೇ ಭೇಟಿಯಲ್ಲಿ ಉಂಡಿತು. ಅದರ ಯಂತ್ರಗಳು ಯಾರೂ ಕೊಡದ ಆದೇಶಗಳನ್ನು ಪಾಲಿಸಿದವು, ಅಯೋದ ಒಂದು ಚಿತ್ರ ಹೀಗೆ ಕಳೆದುಹೋಯಿತು. 2016ರಲ್ಲಿ ಗುರುವಿನ ಕಕ್ಷೆ ಸೇರಿದ ಜೂನೋ ನೌಕೆ ತನ್ನ ಮಿದುಳನ್ನು ಸುಮಾರು ಒಂದು ಸೆಂಟಿಮೀಟರ್ ದಪ್ಪದ ಟೈಟೇನಿಯಂ ಪೆಟ್ಟಿಗೆಯೊಳಗೆ ಇಟ್ಟುಕೊಂಡು ಬದುಕಿತು.

ಶನಿಯಲ್ಲಿ ಈ ಕಾಟ ಬಹಳ ಕಡಿಮೆ. ಕಾರಣ ಅವನ ಉಂಗುರಗಳು. ಕಾಂತರೇಖೆಗಳ ಉದ್ದಕ್ಕೂ ಉತ್ತರಕ್ಕೂ ದಕ್ಷಿಣಕ್ಕೂ ಓಡಾಡುವ ಎಲೆಕ್ಟ್ರಾನುಗಳು ಪ್ರತಿ ಓಟದಲ್ಲೂ ಉಂಗುರದ ಸಮತಲವನ್ನು ದಾಟಬೇಕು, ಅಲ್ಲಿ ಹಿಮದ ತುಣುಕುಗಳಿಗೆ ಬಡಿದು ಮುಗಿದುಹೋಗುತ್ತವೆ. 1979ರ ಸೆಪ್ಟೆಂಬರ್ 1ರಂದು ಪಯೋನಿಯರ್ 11 ಶನಿಯ ಹೊರಗಿನ ದೊಡ್ಡ ಉಂಗುರದ ಅಂಚಿನ ಒಳಗೆ ಹೋಗುತ್ತಿದ್ದಂತೆ ಎಣಿಕೆ ಒಮ್ಮೆಲೇ ಕುಸಿಯಿತು. ಸಣ್ಣ ಉಪಗ್ರಹಗಳೂ ತಮ್ಮ ದಾರಿಯ ಎಲೆಕ್ಟ್ರಾನುಗಳನ್ನು ಹೀಗೇ ಗುಡಿಸಿ ಖಾಲಿ ಮಾಡುತ್ತವೆ. ಕಣ್ಣಿಗೆ ಕಾಣದ ವಸ್ತುವಿನ ಇರುವನ್ನು ಎಲೆಕ್ಟ್ರಾನುಗಳ ಗೈರುಹಾಜರಿಯಿಂದ ಹೇಳಬಹುದು.

ತಪ್ಪು ಕಲ್ಪನೆ: ಗುರುವಿನ ಧ್ರುವಪ್ರಭೆ, ಅಂದರೆ ಧ್ರುವದ ಆಕಾಶದಲ್ಲಿ ಮೂಡುವ ಬೆಳಕು, ಭೂಮಿಯದ್ದೇ ದೊಡ್ಡ ರೂಪ.

ವಾಸ್ತವ: ಜೂನೋ ಹೋಗುವವರೆಗೂ ಬಹುಪಾಲು ಹಾಗೇ ಅಂದುಕೊಂಡಿದ್ದರು. ಭೂಮಿಯ ಪ್ರಖರ ಧ್ರುವಪ್ರಭೆಗೆ ಕಾರಣ, ಮೇಲೆ ಏರ್ಪಟ್ಟ ಕೆಲವು ಸಾವಿರ ವೋಲ್ಟ್ ವ್ಯತ್ಯಾಸ ಎಲೆಕ್ಟ್ರಾನುಗಳನ್ನು ಕೆಳಕ್ಕೆ ದೂಡುವುದು. ಗುರುವಿನ ಧ್ರುವದ ಮೇಲೆ ಜೂನೋಗೆ 4 ಲಕ್ಷ ವೋಲ್ಟ್‌ವರೆಗಿನ ವ್ಯತ್ಯಾಸ ಸಿಕ್ಕಿತು. ಆದರೆ ಅತಿ ಹೆಚ್ಚು ಬೆಳಗುವ ಪ್ರಭೆಗೆ ಅದು ಕಾರಣವಾಗಿರಲಿಲ್ಲ. ಅಲ್ಲಿ ಎಲ್ಲ ಶಕ್ತಿಗಳ ಎಲೆಕ್ಟ್ರಾನುಗಳೂ ಕಲಸಿಕೊಂಡು ಬೀಳುತ್ತಿದ್ದವು, ಅಲೆಗಳು ಅವುಗಳನ್ನು ಅಡ್ಡಾದಿಡ್ಡಿ ದೂಡಿದಂತೆ. 2017ರಲ್ಲಿ ಬ್ಯಾರಿ ಮಾಕ್ ಮತ್ತು ಜೊತೆಗಾರರು ಇದನ್ನು ಪ್ರಕಟಿಸಿದರು. ಇದರ ಪೂರ್ತಿ ವಿವರಣೆಗೆ ಕೆಲಸ ಇನ್ನೂ ನಡೆದಿದೆ.

ತಪ್ಪು ಕಲ್ಪನೆ: ಉಪಕರಣ ಕೆಟ್ಟರೆ ಕಥೆ ಮುಗಿಯಿತು.

ವಾಸ್ತವ: ವಾಯೇಜರ್ 1ರ ಬಟ್ಟಲುಗಳು ಶನಿಯ ಭೇಟಿ ಮುಗಿದ ಸ್ವಲ್ಪ ದಿನಕ್ಕೇ, 1980ರಲ್ಲಿ ಕೆಟ್ಟವು. ಮೂವತ್ತೆರಡು ವರ್ಷ ಕಳೆದು, 2012ರ ಆಗಸ್ಟ್ 25ರಂದು ಆ ನೌಕೆ ಸೌರಮಾರುತದ ಎಲ್ಲೆ ದಾಟಿ ನಕ್ಷತ್ರಗಳ ನಡುವಿನ ಜಾಗಕ್ಕೆ ಹೋಯಿತು. ದಾಟಿತೇ ಇಲ್ಲವೇ ಎಂದು ವಾದ ಎದ್ದಾಗ ಬಟ್ಟಲು ಸಾಕ್ಷಿ ಹೇಳುವ ಸ್ಥಿತಿಯಲ್ಲಿ ಇರಲಿಲ್ಲ. ತೀರ್ಪು ಕೊಟ್ಟಿದ್ದು ಅಲೆ ಗ್ರಾಹಕ. ಸೂರ್ಯನಿಂದ ಹೊರಟ ಒಂದು ಸ್ಫೋಟದ ಹೊಡೆತ 2013ರ ಏಪ್ರಿಲಿನಲ್ಲಿ ಅಲ್ಲಿಯ ಎಲೆಕ್ಟ್ರಾನುಗಳನ್ನು ತೊನೆದಾಡಿಸಿತು. ಆವೃತ್ತಿ 2.6 ಕಿಲೋಹರ್ಟ್ಸ್. ಮೇಲೆ ಹೇಳಿದ ಲೆಕ್ಕದಲ್ಲೇ ಅದು ಘನ ಸೆಂಟಿಮೀಟರಿಗೆ 0.08 ಎಲೆಕ್ಟ್ರಾನು. ಎಲ್ಲೆಯ ಒಳಗಿನ ದಟ್ಟಣೆಗಿಂತ ಹತ್ತಾರು ಪಟ್ಟು ಹೆಚ್ಚು. ನೌಕೆ ಹೊರಗಿತ್ತು. ವಾಯೇಜರ್ 2ರ ಬಟ್ಟಲುಗಳು ಮಾತ್ರ 2018ರ ನವೆಂಬರ್ 5ರಂದು ತಮ್ಮ ನೌಕೆ ಎಲ್ಲೆ ದಾಟಿದ್ದನ್ನೂ ಅಳೆದು, ವಿದ್ಯುತ್ ಉಳಿಸುವ ಸಲುವಾಗಿ 2024ರ ಸೆಪ್ಟೆಂಬರ್ 26ರಂದು ಬಂದ್ ಆದವು. ನಾಲ್ಕು ಬಟ್ಟಲು 47 ವರ್ಷ ದುಡಿದವು.

ತಪ್ಪು ಕಲ್ಪನೆ: ಇಷ್ಟು ದೂರದ ಗ್ರಹದಿಂದ ಭೂಮಿಗೆ ಬೆಳಕು ಬಿಟ್ಟು ಏನೂ ಬರುವುದಿಲ್ಲ. ಅಥವಾ, ಗ್ರಹದ ಕಿರಣಗಳೇ ನಮ್ಮ ಬದುಕನ್ನು ನಡೆಸುತ್ತವೆ.

ವಾಸ್ತವ: ಎರಡೂ ತಪ್ಪು. ಪಯೋನಿಯರ್ 10 ಗುರುವನ್ನು ಮುಟ್ಟುವ ಎಷ್ಟೋ ಮೊದಲೇ, ಕೋಟ್ಯಂತರ ಕಿ.ಮೀ. ದೂರದಲ್ಲೇ, ಅದಕ್ಕೆ ಹೆಚ್ಚು ಶಕ್ತಿಯ ಎಲೆಕ್ಟ್ರಾನುಗಳು ಎದುರಾದವು. ಅವು ಗುರುವಿನ ಕಾಂತಗೋಳದಿಂದ ಸೋರಿ ಬಂದವು ಎಂದು 1974ರಲ್ಲಿ ಗೊತ್ತಾಯಿತು. ಆಗ ಹಳೆಯ ಒಂದು ಒಗಟು ಬಿಡಿಸಿಕೊಂಡಿತು. ಭೂಮಿಯ ಹತ್ತಿರದ ಉಪಗ್ರಹಗಳು, ಸೂರ್ಯ ಶಾಂತವಾಗಿದ್ದಾಗಲೂ ಕೆಲವು ದಶಲಕ್ಷ ಎಲೆಕ್ಟ್ರಾನ್ ವೋಲ್ಟಿನ ಎಲೆಕ್ಟ್ರಾನುಗಳು ಆಗಾಗ ಹೆಚ್ಚುವುದನ್ನು ಕಂಡಿದ್ದವು. ಆ ಹೆಚ್ಚಳ ಸುಮಾರು ಹದಿಮೂರು ತಿಂಗಳಿಗೊಮ್ಮೆ ಮರಳುತ್ತಿತ್ತು. ಭೂಮಿ ಮತ್ತು ಗುರು ಸೂರ್ಯನ ಸುತ್ತ ತಮ್ಮ ಅದೇ ಪರಸ್ಪರ ಸ್ಥಾನಕ್ಕೆ ಮರಳಲು ಬೇಕಾದದ್ದೂ ಅಷ್ಟೇ, 399 ದಿನ. ಸೂರ್ಯನ ತಿರುಗಾಟದಿಂದ ಅವನ ಕಾಂತರೇಖೆಗಳು ಸುರುಳಿಯಾಗಿ ಹರಡಿವೆ. ಅಂಥ ಒಂದು ಸುರುಳಿಯ ಮೇಲೆ ಗುರುವೂ ಭೂಮಿಯೂ ಒಟ್ಟಿಗೆ ಬಂದಾಗ ಎಲೆಕ್ಟ್ರಾನುಗಳಿಗೆ ದಾರಿ ತೆರೆಯುತ್ತದೆ.

ಹಾಗೆಂದು ಗುರುಬಲಕ್ಕೆ ವಿಜ್ಞಾನದ ಮುದ್ರೆ ಸಿಕ್ಕಿತು ಎಂದು ಯಾರೂ ಹೇಳಬಾರದು. ಈ ಎಲೆಕ್ಟ್ರಾನುಗಳನ್ನು ಕಾಣಲು ವಾತಾವರಣದ ಹೊರಗೆ ಸೂಕ್ಷ್ಮ ಯಂತ್ರ ಬೇಕು. ನಮ್ಮ ಗಾಳಿಯ ಮೇಲ್ಪದರವೇ ಅವನ್ನು ನಿಲ್ಲಿಸುತ್ತದೆ, ನೆಲ ಮುಟ್ಟುವುದಿಲ್ಲ. ಹುಟ್ಟಿದ ನಕ್ಷತ್ರ, ರಾಶಿ ನೋಡಿ ಅವು ಬರುವುದೂ ಇಲ್ಲ. ಶನಿಶಾಂತಿಗೆ, ಕಲ್ಲಿನ ಉಂಗುರಕ್ಕೆ ‘ಗ್ರಹದ ಕಿರಣ’ದ ಹೆಸರು ಹೇಳಿ ಸಾಲ ಮಾಡಿಸುವವರ ಮಾತಿಗೆ ಈ ಅಳತೆಗಳಲ್ಲಿ ಎಲ್ಲಿಯೂ ಆಧಾರವಿಲ್ಲ. ಸಂಕಟದಲ್ಲಿರುವ ರೈತನ ಮನೆಯ ದುಡ್ಡಿನ ಪ್ರಶ್ನೆ ಇದಾದ್ದರಿಂದ ನೇರವಾಗಿಯೇ ಹೇಳುತ್ತಿದ್ದೇನೆ.

ತಪ್ಪು ಕಲ್ಪನೆ: ಇದೆಲ್ಲ ಅಮೆರಿಕದವರ ಸಂಗತಿ. ನಮ್ಮ ಕಡೆಯವರಿಗೂ ಇದಕ್ಕೂ ಏನು ಸಂಬಂಧ?

ವಾಸ್ತವ: ಉಡುಪಿ ಹತ್ತಿರದ ಅದಮಾರಿನಲ್ಲಿ 1932ರಲ್ಲಿ ಹುಟ್ಟಿದ ಬಾಹ್ಯಾಕಾಶ ವಿಜ್ಞಾನಿ ಯು.ಆರ್. ರಾವ್ ಇಂಟರ್‌ಮೀಡಿಯೆಟ್ ಓದಿದ್ದು ಬಳ್ಳಾರಿಯಲ್ಲಿ, ಬಿ.ಎಸ್ಸಿ. ಮಾಡಿದ್ದು ಅನಂತಪುರದ ಸರಕಾರಿ ಕಾಲೇಜಿನಲ್ಲಿ. ಆದೋನಿ, ಆಲೂರು ತಾಲ್ಲೂಕುಗಳು 1953ರವರೆಗೆ ಬಳ್ಳಾರಿ ಜಿಲ್ಲೆಯವೇ, ಅನಂತಪುರ ಇಂದಿಗೂ ಪಕ್ಕದ ಜಿಲ್ಲೆ. ಅಹಮದಾಬಾದಿನಲ್ಲಿ ವಿಕ್ರಮ್ ಸಾರಾಭಾಯಿ ಅವರ ಬಳಿ ವಿಶ್ವಕಿರಣಗಳ ಮೇಲೆ ಸಂಶೋಧನೆ ಮಾಡಿದ ರಾವ್ ಮುಂದೆ ಹೋದದ್ದು ಎಂಐಟಿಗೆ, ಅಂದರೆ ವಾಯೇಜರಿನ ಬಟ್ಟಲುಗಳು ಮುಂದೆ ತಯಾರಾದ ಸಂಸ್ಥೆಗೇ. 1962ರಲ್ಲಿ ಶುಕ್ರನ ಕಡೆ ಹೊರಟ ಮ್ಯಾರಿನರ್ 2 ಸೌರಮಾರುತವನ್ನು ತಿಂಗಳುಗಟ್ಟಲೆ ಬಿಡದೆ ಅಳೆಯಿತು. ಆ ಮಾರುತದ ವೇಗಕ್ಕೂ ಭೂಮಿಯ ಕಾಂತಕ್ಷೇತ್ರದ ಕಲಕಾಟಕ್ಕೂ ಇರುವ ಸಂಬಂಧವನ್ನು ತೋರಿಸಿದ 1963ರ ಪ್ರಬಂಧದ ಮೂವರು ಲೇಖಕರು ಕಾನ್ವೇ ಸ್ನೈಡರ್, ಮಾರ್ಸಿಯಾ ನಾಯ್‌ಗೆಬೌರ್ ಮತ್ತು ಯು.ಆರ್. ರಾವ್. ಬಳಿಕ 1965ರಿಂದ 1968ರ ನಡುವೆ ಹಾರಿದ ಪಯೋನಿಯರ್ 6ರಿಂದ 9ರವರೆಗಿನ ನೌಕೆಗಳ ವಿಶ್ವಕಿರಣ ಉಪಕರಣಗಳಲ್ಲೂ ಅವರು ದುಡಿದರು. ಅವರ 1975ರ ಆರ್ಯಭಟ ಉಪಗ್ರಹದ ಕಥೆ ಎಲ್ಲರಿಗೂ ಗೊತ್ತು. ಅದಕ್ಕೆ ಮೊದಲಿನ ಈ ಕಥೆಯೂ ನಮ್ಮ ಮಕ್ಕಳಿಗೆ ಗೊತ್ತಾಗಬೇಕು.

ಆದೋನಿಯಲ್ಲಿ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿಗೆ ಹೋಗುವವರು ಹಿಂದೂಪುರ ಆದಮೇಲೆ ಗೌರಿಬಿದನೂರು ದಾಟುತ್ತಾರೆ. ಅಲ್ಲಿ ಭಾರತೀಯ ಖಭೌತ ಸಂಸ್ಥೆ ಮತ್ತು ರಾಮನ್ ಸಂಶೋಧನಾ ಸಂಸ್ಥೆ ಸೇರಿ ಕಟ್ಟಿದ, ಸಾವಿರ ಕಂಬಿಗಳ ರೇಡಿಯೋ ದೂರದರ್ಶಕ 1976ರಿಂದ 34.5 ಮೆಗಾಹರ್ಟ್ಸ್‌ನಲ್ಲಿ ಆಕಾಶಕ್ಕೆ ಕಿವಿಗೊಟ್ಟಿತು. ಗುರುವಿನ ಒಂದು ಬಗೆಯ ರೇಡಿಯೋ ಅಲೆಗಳು ಈ ಆವೃತ್ತಿಯನ್ನೂ ದಾಟಿ ಏರುತ್ತವೆ, ಸುಮಾರು 40 ಮೆಗಾಹರ್ಟ್ಸ್‌ನಲ್ಲಿ ನಿಂತುಬಿಡುತ್ತವೆ. ಆ ಅಲೆಗಳನ್ನು ಹೊರಡಿಸುವುದು ಕಾಂತರೇಖೆಯ ಸುತ್ತ ಗಿರಗಿರ ಸುತ್ತುವ ಎಲೆಕ್ಟ್ರಾನುಗಳೇ. ಒಂದು ಗೌಸ್ ಕಾಂತಕ್ಷೇತ್ರಕ್ಕೆ ಎಲೆಕ್ಟ್ರಾನು 2.8 ಮೆಗಾಹರ್ಟ್ಸ್‌ನಲ್ಲಿ ಸುತ್ತುತ್ತದೆ. 40ನ್ನು 2.8ರಿಂದ ಭಾಗಿಸಿದರೆ 14. ಗುರುವಿನ ಧ್ರುವದ ಬಳಿ ಕಾಂತಕ್ಷೇತ್ರ 14 ಗೌಸ್ ಇದೆ ಎಂದು ನೆಲದ ಮೇಲೆ ಕುಳಿತೇ ಹೇಳಬಹುದು. ಭೂಮಿಯದು ಸುಮಾರು ಅರ್ಧ ಗೌಸ್.

ಈಗ ಭಾರತದ್ದೇ ಯಂತ್ರವೊಂದು ಎಲೆಕ್ಟ್ರಾನು ಎಣಿಸುತ್ತಿದೆ. 2023ರ ಸೆಪ್ಟೆಂಬರ್ 2ರಂದು ಹೊರಟು 2024ರ ಜನವರಿ 6ರಂದು ತನ್ನ ಜಾಗ ಸೇರಿದ ಆದಿತ್ಯ ಎಲ್1 ಮೇಲಿನ ‘ಪಾಪಾ’ ಉಪಕರಣ ಸೌರಮಾರುತದ ಎಲೆಕ್ಟ್ರಾನು, ಅಯಾನು ಎರಡನ್ನೂ ಅಳೆಯುತ್ತದೆ. ತಯಾರಾದದ್ದು ತಿರುವನಂತಪುರದಲ್ಲಿ. ನೌಕೆಯ ಸಂಕೇತ ಹಿಡಿಯುವ ದೊಡ್ಡ ಆಂಟೆನಾ ಇರುವುದು ಬೆಂಗಳೂರಿನ ಬಳಿಯ ಬ್ಯಾಲಾಳುವಿನಲ್ಲಿ. ಅತ್ತ 2024ರ ಅಕ್ಟೋಬರಿನಲ್ಲಿ ಹೊರಟ ಯುರೋಪಾ ಕ್ಲಿಪ್ಪರ್ 2030ರಲ್ಲಿ ಗುರುವನ್ನು ಸೇರಬೇಕು. ಅದರ ಪ್ಲಾಸ್ಮಾ ಉಪಕರಣವೂ ನಾಲ್ಕು ಫ್ಯಾರಡೆ ಬಟ್ಟಲುಗಳದ್ದೇ.

ಆದೋನಿ, ಆಲೂರು, ದೇವನಕೊಂಡದ ವಿಜ್ಞಾನದ ಮೇಷ್ಟ್ರುಗಳಲ್ಲಿ ಒಂದು ವಿನಂತಿ. ವಾಯೇಜರ್ ಮತ್ತು ಕ್ಯಾಸಿನಿ ಅಳೆದ ಎಲೆಕ್ಟ್ರಾನು ಲೆಕ್ಕಗಳನ್ನು ನಾಸಾ ತನ್ನ ಗ್ರಹ ದತ್ತಾಂಶ ಭಂಡಾರದಲ್ಲಿ ಎಲ್ಲರಿಗೂ ಉಚಿತವಾಗಿ ಇಟ್ಟಿದೆ. ನಿಮ್ಮ ಫೋನಿನಲ್ಲೇ ಅದು ತೆರೆಯುತ್ತದೆ. ಶನಿಯಿಂದ ದೂರ ಎಷ್ಟು, ಎಲೆಕ್ಟ್ರಾನು ಎಷ್ಟು ಎಂಬ ಎರಡು ಸಾಲು ಸಂಖ್ಯೆಗಳನ್ನು ಹತ್ತನೇ ತರಗತಿಯ ಮಕ್ಕಳ ಕೈಗೆ ಕೊಟ್ಟು, ಗ್ರಾಫ್ ಹಾಳೆಯ ಮೇಲೆ ಚುಕ್ಕಿ ಇಡಿಸಿ.